ಮೋಟಾರು ಮನೆಯ ಷವರಿಗೆ ಎಂಥ ಪಂಪು ಬೇಕು?

ತುಮಕೂರು ರಸ್ತೆಯನ್ನು ಹಿಡಿದು ಬೆಂಗಳೂರಿನಿಂದ ಹೊರಟವರು ಪೀಣ್ಯ, ದಾಸರಹಳ್ಳಿ, ಮಾದಾವರಗಳನ್ನು ದಾಟಿದ ಮೇಲೆ, ನೆಲಮಂಗಲವನ್ನು ಸೇರುವ ಮೊದಲು, ಮಾದನಾಯಕನಹಳ್ಳಿಯನ್ನು ಹಾದುಹೋಗುತ್ತಾರೆ. ಅಲ್ಲಿಯ ಮನೆಗಳ ತಾರಸಿಗಳನ್ನು ಕಣ್ಣೆತ್ತಿ ನೋಡಿದರೆ ಕಪ್ಪು ಬಣ್ಣದ ನೀರಿನ ಟ್ಯಾಂಕುಗಳು ಸಾಲುಸಾಲಾಗಿ ಕಾಣುತ್ತವೆ. ಈ ಟ್ಯಾಂಕಿನ ಕೆಳಗಿನ ಮನೆಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಬಹುದು. ನೆಲದಂತಸ್ತಿನ ಬಚ್ಚಲಿನಲ್ಲಿ ಷವರು ಚೆನ್ನಾಗಿಯೇ ಸುರಿಯುತ್ತದೆ. ಅದೇ ಟ್ಯಾಂಕಿನ ನೀರು, ಟ್ಯಾಂಕಿಗೆ ಹೆಚ್ಚು ಹತ್ತಿರವಾದ ಮೇಲಂತಸ್ತಿನ ಬಚ್ಚಲಿನಲ್ಲಿ ಸೋರುವ ಸೂರಿನಂತೆ ತೊಟ್ಟಿಕ್ಕುತ್ತದೆ. ಹತ್ತಿರದವರಿಗೆ ಕಡಿಮೆ, ದೂರದವರಿಗೆ ಹೆಚ್ಚು! ಇದೇಕೆ ಹೀಗೆ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಇದೇ ಹೆದ್ದಾರಿಯಲ್ಲಿ ನಾಲ್ಕು ಜನರ ಒಂದು ಸಂಸಾರವು ಮಲೆನಾಡಿನ ಪ್ರವಾಸಕ್ಕೆ ಹೊರಟಿದೆ. ಅವರ ವಾಹನವು ಸಾಮಾನ್ಯ ಮೋಟಾರಲ್ಲ. ಮಲಗುವ ಮಂಚ, ಅಡುಗೆಯ ಒಲೆ, ಪುಟ್ಟ ಬಚ್ಚಲು ಎಲ್ಲವನ್ನೂ ಒಳಗೊಂಡ, ಜನರು ಕ್ಯಾರವಾನ್ ಎಂದು ಕರೆಯುವ ಮೋಟಾರು ಮನೆ. ಅದರ ನೆಲದ ಕೆಳಗೆ 100 ಲೀಟರಿನ ಒಂದು ಟ್ಯಾಂಕು. ದಿನವೆಲ್ಲ ಘಟ್ಟದ ದಾರಿಯಲ್ಲಿ ಸಾಗಿ ದಣಿದವರು ಸಂಜೆ ಷವರನ್ನು ತಿರುಗಿಸುತ್ತಾರೆ. ಬರುವುದು ನೂಲಿನಂಥ ಧಾರೆ. ಮನೆಯ ಯಜಮಾನರು ಬೇಸರಗೊಂಡು, ಊರಿಗೆ ಮರಳಿದ ಕೂಡಲೆ ಅಂಗಡಿಯಲ್ಲಿ ದೊರೆತ ಅತಿ ದೊಡ್ಡ ಪಂಪನ್ನು ತಂದು ಕೂರಿಸುತ್ತಾರೆ. ಮುಂದಿನ ಪ್ರವಾಸದಲ್ಲಿ ಷವರು ಸ್ವಲ್ಪ ಸುಧಾರಿಸಿದೆ. ಆದರೆ ಒಮ್ಮೆ ಜೋರು, ಒಮ್ಮೆ ಮಂದ, ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ಮೂರನೆಯವರ ಸ್ನಾನ ಮುಗಿಯುವುದರೊಳಗೆ ಟ್ಯಾಂಕು ಬರಿದು.

ತಪ್ಪು ಎಲ್ಲಿ ಆಯಿತು? ಪಂಪನ್ನು ಮೊದಲು ಕೊಂಡದ್ದೇ ತಪ್ಪು. ಪಂಪಿನ ಆಯ್ಕೆಯು ಷವರಿನ ಮೂತಿಯಿಂದ ಆರಂಭವಾಗಿ, ಕೊಳವೆಯ ಮೂಲಕ ಹಿಂದಕ್ಕೆ ಬಂದು, ಪಂಪಿನಲ್ಲಿ ಕೊನೆಗೊಳ್ಳಬೇಕು. ಇದು ಏಕೆಂಬುದನ್ನು ಭೌತವಿಜ್ಞಾನದ ಕೆಲವು ಸುಲಭ ನಿಯಮಗಳ ಸಹಾಯದಿಂದ ವಿಚಾರ ಮಾಡೋಣ.

ಎತ್ತರವೇ ಒತ್ತಡ

ನಿಂತ ನೀರಿನ ಒತ್ತಡವು ಅದರ ಮೇಲಿರುವ ನೀರಿನ ಎತ್ತರವನ್ನು ಮಾತ್ರ ಅವಲಂಬಿಸುತ್ತದೆ. ಟ್ಯಾಂಕಿನ ಅಗಲವನ್ನಾಗಲಿ, ಅದರಲ್ಲಿರುವ ನೀರಿನ ಒಟ್ಟು ಮೊತ್ತವನ್ನಾಗಲಿ ಅಲ್ಲ. 10 ಮೀಟರು ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಸುಮಾರು 1 ಬಾರ್ ಒತ್ತಡವನ್ನು ಉಂಟುಮಾಡುತ್ತದೆ. ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕವನ್ನು ಇಟ್ಟಂತೆ ಎಂದು ಇದನ್ನು ಭಾವಿಸಬಹುದು. ಈ ಲೆಕ್ಕವೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಹಾದಿ ಸುಗಮ.

ಮಾದನಾಯಕನಹಳ್ಳಿಯ ನಮ್ಮ ಮನೆಗೆ ಇದನ್ನು ಅನ್ವಯಿಸೋಣ. ಮೇಲಂತಸ್ತಿನ ಷವರು ಟ್ಯಾಂಕಿನ ನೀರಿನ ಮಟ್ಟದಿಂದ 2 ಮೀಟರು ಕೆಳಗಿದ್ದರೆ ಅಲ್ಲಿಯ ಒತ್ತಡ 0.2 ಬಾರ್. ಅದಕ್ಕಿಂತ 3 ಮೀಟರು ಕೆಳಗಿರುವ ನೆಲದಂತಸ್ತಿನಲ್ಲಿ 0.5 ಬಾರ್. ದೂರ ಹೆಚ್ಚಿದಂತೆ ನೀರು ಜೋರಾಗುವ ವಿಚಿತ್ರದ ಗುಟ್ಟು ಇಷ್ಟೇ.

ಹಾಗಾದರೆ ಮೋಟಾರು ಮನೆಯ ಮೇಲ್ಛಾವಣಿಯ ಮೇಲೂ ಒಂದು ಟ್ಯಾಂಕನ್ನಿಟ್ಟರೆ ಸಾಲದೆ? ಸಾಲದು. ಅಲ್ಲಿಂದ ಷವರಿನ ಮೂತಿಗೆ ಇರುವ ಅಂತರ ಹೆಚ್ಚೆಂದರೆ ಎರಡು ಮೂರು ಗೇಣು. ಒತ್ತಡ ಲೆಕ್ಕಕ್ಕೇ ಬಾರದಷ್ಟು. ಅದೂ ಅಲ್ಲದೆ 100 ಲೀಟರು ನೀರೆಂದರೆ 100 ಕಿಲೋಗ್ರಾಂ ಭಾರ. ಅದನ್ನು ತಲೆಯ ಮೇಲೆ ಹೊತ್ತ ವಾಹನದ ಗುರುತ್ವಕೇಂದ್ರವು ಮೇಲಕ್ಕೇರಿ, ಚಾರ್ಮಾಡಿಯಂಥ ಘಟ್ಟದ ತಿರುವುಗಳಲ್ಲಿ ವಾಹನವು ಹೆಚ್ಚು ವಾಲುತ್ತದೆ. ಆದುದರಿಂದ ಟ್ಯಾಂಕು ಕೆಳಗೇ ಇರಬೇಕು. ಎತ್ತರವು ಮಾಡುವ ಕೆಲಸವನ್ನು ಪಂಪು ಮಾಡಬೇಕು. ಪಂಪೆಂದರೆ, ಒಂದು ದೃಷ್ಟಿಯಿಂದ, ಪೆಟ್ಟಿಗೆಯೊಳಗೆ ಅಡಗಿಸಿಟ್ಟ ಎತ್ತರ. 2.5 ಬಾರ್ ಒತ್ತಡವನ್ನು ಕೊಡುವ ಅಂಗೈಯಗಲದ ಪಂಪು ವಾಹನದ ಮೇಲೆ 25 ಮೀಟರು ಎತ್ತರದ ನೀರಿನ ಗೋಪುರವನ್ನು ಕಟ್ಟಿದಂತೆ.

ಷವರಿನ ಮೂತಿಯಲ್ಲಿ ನಡೆಯುವುದೇನು?

ಟ್ಯಾಂಕಿನ ತೂತಿನಿಂದ ಚಿಮ್ಮುವ ನೀರಿನ ವೇಗವು, ಅದೇ ನೀರು ಮೇಲ್ಮಟ್ಟದಿಂದ ತೂತಿನವರೆಗೆ ಸ್ವತಂತ್ರವಾಗಿ ಬಿದ್ದಿದ್ದರೆ ಪಡೆಯುತ್ತಿದ್ದ ವೇಗಕ್ಕೆ ಸಮ ಎಂದು ಇಟಲಿಯ ಟಾರಿಸೆಲ್ಲಿಯು 1644ರಲ್ಲಿ ಪ್ರಕಟಿಸಿದನು. ಗಾಳಿಯ ಒತ್ತಡವನ್ನು ಪಾದರಸದ ಕೊಳವೆಯಿಂದ ಅಳೆದ ಟಾರಿಸೆಲ್ಲಿಯೇ ಈತ. ಬೀಳುವ ವಸ್ತುವಿನ ವೇಗವು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಚಿಮ್ಮುವ ನೀರಿನ ವೇಗವೂ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ರಂಧ್ರಗಳ ಅಗಲ ಬದಲಾಗದಿದ್ದರೆ ಪ್ರತಿ ನಿಮಿಷ ಹೊರಬೀಳುವ ನೀರಿನ ಮೊತ್ತವೂ ಹಾಗೆಯೇ.

ಇದರ ಪರಿಣಾಮ ಗಮನಾರ್ಹವಾದದ್ದು. ಒಂದು ಷವರು 1.5 ಬಾರ್‌ನಲ್ಲಿ ನಿಮಿಷಕ್ಕೆ 8 ಲೀಟರು ಸುರಿಸುವುದೆಂದು ಇಟ್ಟುಕೊಳ್ಳೋಣ. ಅದೇ ಷವರು ಮೇಲಂತಸ್ತಿನ 0.2 ಬಾರ್‌ನಲ್ಲಿ ಸುರಿಸುವುದು 3 ಲೀಟರಿಗೂ ಕಡಿಮೆ. ಇನ್ನೊಂದು ಕಡೆ, ಹರಿವನ್ನು ಇಮ್ಮಡಿಗೊಳಿಸಬೇಕಾದರೆ ಒತ್ತಡವನ್ನು ನಾಲ್ಮಡಿಗೊಳಿಸಬೇಕು. ಇಮ್ಮಡಿ ಶಕ್ತಿಯ ಪಂಪನ್ನು ತಂದವರಿಗೆ ಇಮ್ಮಡಿ ಸುಖ ದೊರೆಯದಿರಲು ಇದು ಮೊದಲನೆಯ ಕಾರಣ.

ಈಗ ಮುಖ್ಯವಾದ ಪ್ರಶ್ನೆಯನ್ನು ಕೇಳೋಣ. ಷವರು ಜೋರಾಗಿದೆ ಎಂದು ಮೈಗೆ ಅನ್ನಿಸುವುದು ಯಾವುದರಿಂದ? ನೀರಿನ ಮೊತ್ತದಿಂದಲೇ? ಅದರ ವೇಗದಿಂದಲೇ? ಮೈಯನ್ನು ತಾಕುವ ಧಾರೆಯ ಬಲವು ಇವೆರಡರ ಗುಣಲಬ್ಧ. ಪ್ರತಿ ಸೆಕೆಂಡಿಗೆ ಬಂದು ಬೀಳುವ ನೀರಿನ ರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಬಲ ದೊರೆಯುತ್ತದೆ. ಇದು ನ್ಯೂಟನ್ನನ ಎರಡನೆಯ ನಿಯಮವೇ ಹೊರತು ಬೇರೆಯಲ್ಲ.

ಎರಡು ಷವರುಗಳನ್ನು ಹೋಲಿಸೋಣ. ಮೊದಲನೆಯದು 0.375 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 8 ಲೀಟರು ಸುರಿಸುತ್ತದೆ. ಧಾರೆಯ ವೇಗ ಸೆಕೆಂಡಿಗೆ ಸುಮಾರು 8.7 ಮೀಟರು. ಎರಡನೆಯದು 1.5 ಬಾರ್‌ನಲ್ಲಿ ನಿಮಿಷಕ್ಕೆ 4 ಲೀಟರು ಮಾತ್ರ. ಆದರೆ ವೇಗ ಸೆಕೆಂಡಿಗೆ ಸುಮಾರು 17.3 ಮೀಟರು, ಅಂದರೆ ಐದಂತಸ್ತಿನ ಕಟ್ಟಡದಿಂದ ಬಿದ್ದ ಕಲ್ಲು ನೆಲವನ್ನು ಮುಟ್ಟುವಾಗಿನ ವೇಗ. ಮೂತಿಯೊಳಗಿನ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ ಎರಡೂ ಧಾರೆಗಳ ಬಲ ಒಂದೇ: ಸುಮಾರು 1.15 ನ್ಯೂಟನ್. ಅರ್ಧ ನೀರಿನಿಂದ ಅಷ್ಟೇ ಬಲ! ಹೀಗಾಗಲು ಎರಡನೆಯ ಮೂತಿಯ ರಂಧ್ರಗಳ ಒಟ್ಟು ವಿಸ್ತೀರ್ಣವು ಮೊದಲನೆಯದರ ಕಾಲುಭಾಗವಿದ್ದರಾಯಿತು. 40 ರಂಧ್ರಗಳ ಮೂತಿಗೆ ಬದಲಾಗಿ ಅಷ್ಟೇ ಅಗಲದ 10 ರಂಧ್ರಗಳ ಮೂತಿ.

ಪ್ರಕೃತಿಯು ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲವಷ್ಟೆ. ಇಲ್ಲಿಯೂ ತೆರಬೇಕಾದ ಬೆಲೆಯುಂಟು. ಒತ್ತಡವನ್ನು ಹರಿವಿನಿಂದ ಗುಣಿಸಿದರೆ ಧಾರೆಗೆ ಬೇಕಾದ ಸಾಮರ್ಥ್ಯ ದೊರೆಯುತ್ತದೆ. ಮೊದಲನೆಯದಕ್ಕೆ 5 ವಾಟು, ಎರಡನೆಯದಕ್ಕೆ 10 ವಾಟು. ನೀರನ್ನು ಅರ್ಧಕ್ಕೆ ಇಳಿಸಿದಾಗ ಸಾಮರ್ಥ್ಯವು ಇಮ್ಮಡಿಯಾಯಿತು. ಆದರೆ ಮೋಟಾರು ಮನೆಯಲ್ಲಿ ಈ ವ್ಯಾಪಾರ ಬಹಳ ಲಾಭದಾಯಕ. ಬ್ಯಾಟರಿಯನ್ನು ಛಾವಣಿಯ ಸೌರಫಲಕವು ಮರುದಿನ ತುಂಬಿಸುತ್ತದೆ. ಓಡುವ ಎಂಜಿನ್ನೂ ತುಂಬಿಸುತ್ತದೆ. ಖಾಲಿಯಾದ ಟ್ಯಾಂಕನ್ನು ಸೂರ್ಯನಾಗಲಿ ಎಂಜಿನ್ನಾಗಲಿ ತುಂಬಿಸಲಾರದು. ಆದುದರಿಂದ ಮೊದಲ ಸೂತ್ರ ಹೀಗೆ: ಒತ್ತಡವನ್ನು ಧಾರಾಳವಾಗಿ ಬಳಸಬೇಕು, ನೀರನ್ನು ಜಿಪುಣತನದಿಂದ ಬಳಸಬೇಕು.

ಇದಕ್ಕೂ ಒಂದು ಮಿತಿಯುಂಟು. ರಂಧ್ರಗಳನ್ನು ತೀರ ಸಣ್ಣದಾಗಿಸಿದರೆ ನೀರು ಧಾರೆಯಾಗದೆ ಮಂಜಿನಂತೆ ಒಡೆಯುತ್ತದೆ. ಸಣ್ಣ ಹನಿಗಳಿಗೆ ರಾಶಿಯ ಪ್ರಮಾಣದಲ್ಲಿ ಮೇಲ್ಮೈ ಹೆಚ್ಚು. ಅವು ಗಾಳಿಯಲ್ಲಿ ಬೇಗನೆ ವೇಗವನ್ನು ಕಳೆದುಕೊಳ್ಳುತ್ತವೆ. ಆವಿಯಾಗುತ್ತಾ ಬೇಗನೆ ತಣ್ಣಗಾಗುತ್ತವೆ. ಬಿಸಿನೀರಿನ ಷವರಿನ ಕೆಳಗೆ ನಿಂತು ನಡುಗುವ ಸ್ಥಿತಿ ಬರಬಹುದು. ಆದಕಾರಣ ನಡುಮಾರ್ಗವನ್ನು ಹಿಡಿದು, 1.5 ಬಾರ್‌ನಲ್ಲಿ ನಿಮಿಷಕ್ಕೆ 6 ಲೀಟರು ಸುರಿಸುವ ಮೂತಿಯನ್ನು ನಮ್ಮ ಪ್ರವಾಸಿಗಳಿಗೆ ಆರಿಸೋಣ. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತಿರುಗಿಸಿ ತೊಳೆದುಕೊಂಡರೆ ಒಬ್ಬರಿಗೆ 3 ನಿಮಿಷದ ಹರಿವು ಸಾಕು. 18 ಲೀಟರು! ಇದು ನಮ್ಮ ಹಿರಿಯರು ಚೊಂಬು ಹಿಡಿದು ಸ್ನಾನ ಮಾಡುತ್ತಿದ್ದ ಒಂದು ಬಕೆಟ್ಟಿನ ಲೆಕ್ಕವೇ ಸರಿ. ನಾಲ್ವರಿಗೆ 72 ಲೀಟರು. ಕುಡಿಯಲು, ಅಡುಗೆಗೆ ಇನ್ನೂ 28 ಲೀಟರು ಉಳಿಯುತ್ತದೆ.

ಕೊಳವೆಯು ವಸೂಲು ಮಾಡುವ ಸುಂಕ

ಪಂಪಿನಿಂದ ಹೊರಟ ಒತ್ತಡವೆಲ್ಲವೂ ಮೂತಿಯನ್ನು ತಲುಪುವುದಿಲ್ಲ. ದಾರಿಯಲ್ಲಿ ಘರ್ಷಣೆಯು ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಈ ಸುಂಕವು ಕೊಳವೆಯ ಒಳವ್ಯಾಸವನ್ನು ಎಷ್ಟು ತೀವ್ರವಾಗಿ ಅವಲಂಬಿಸಿದೆ ಎಂಬುದು ಅನೇಕರಿಗೆ ತಿಳಿಯದು. 5 ಮೀಟರು ಉದ್ದದ ನಯವಾದ ಕೊಳವೆಯಲ್ಲಿ ನಿಮಿಷಕ್ಕೆ 6 ಲೀಟರು ಹರಿಯುವಾಗ ಆಗುವ ನಷ್ಟವನ್ನು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

ಒಳವ್ಯಾಸ 12 ಮಿಲಿಮೀಟರು: ಸುಮಾರು 0.05 ಬಾರ್.
ಒಳವ್ಯಾಸ 8 ಮಿಲಿಮೀಟರು: ಸುಮಾರು 0.33 ಬಾರ್.
ಒಳವ್ಯಾಸ 6 ಮಿಲಿಮೀಟರು: ಸುಮಾರು 1.3 ಬಾರ್.

ವ್ಯಾಸವು ಅರ್ಧವಾದಾಗ ನಷ್ಟವು ಇಪ್ಪತ್ತೈದು ಮಡಿಗಿಂತ ಹೆಚ್ಚಾಯಿತು. ಏಕೆಂದರೆ ಕೊಳವೆಯು ಕಿರಿದಾದಂತೆ ಅದೇ ಮೊತ್ತದ ನೀರು ಹೆಚ್ಚು ವೇಗದಿಂದ ನುಗ್ಗಬೇಕು. ವೇಗವು ಹೆಚ್ಚಿದಂತೆ ಘರ್ಷಣೆಯು ಹೆಚ್ಚುಕಡಿಮೆ ಅದರ ವರ್ಗದಷ್ಟು ಏರುತ್ತದೆ. ಅದರೊಂದಿಗೆ ಗೋಡೆಯೂ ನೀರಿಗೆ ಹತ್ತಿರವಾಗುತ್ತದೆ. 6 ಮಿಲಿಮೀಟರಿನ ಕೊಳವೆಯು ಷವರಿಗೆ ಬೇಕಾದ ಒತ್ತಡಕ್ಕೆ ಸರಿಸುಮಾರಾದುದನ್ನು ತಾನೇ ನುಂಗಿಬಿಡುತ್ತದೆ. ಅಂಥಲ್ಲಿ ದೊಡ್ಡ ಪಂಪನ್ನು ಕೂರಿಸುವುದೆಂದರೆ, ಕಿರಿದಾದ ಓಣಿಯಲ್ಲಿ ಗಾಡಿಗಳು ಸಿಕ್ಕಿಕೊಂಡಿರುವಾಗ ಇನ್ನಷ್ಟು ಜೋರಾಗಿ ಹಾರನ್ನು ಬಾರಿಸಿದಂತೆ. ಪಂಪಿಗಿಂತ ಕೊಳವೆಯ ಬೆಲೆ ಎಷ್ಟೋ ಕಡಿಮೆ. ಮೊದಲು ಓಣಿಯನ್ನು ಅಗಲಿಸಬೇಕು.

ಚೂಪಾದ ತಿರುವುಗಳು, ಮಡಚಿಕೊಂಡ ರಬ್ಬರ್ ಕೊಳವೆ, ಕಸದಿಂದ ಕಟ್ಟಿದ ಜರಡಿ, ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ, ಹೀಟರು, ಇವೆಲ್ಲವೂ ತಮ್ಮ ತಮ್ಮ ಸುಂಕವನ್ನು ವಸೂಲು ಮಾಡುತ್ತವೆ. ಇವೆಲ್ಲಕ್ಕೂ ಸೇರಿ 0.5 ಬಾರ್ ಎಂದು ಹಿಡಿಯುವುದು ವಿವೇಕ.

ಬೇಡಿಕೆಯ ಪಟ್ಟಿ

ಈಗ ಪಂಪಿನಿಂದ ನಮಗೆ ಏನು ಬೇಕೆಂಬ ಪಟ್ಟಿಯನ್ನು ಬರೆಯಬಹುದು. ಷವರಿನ ಮೂತಿಗೆ 1.5 ಬಾರ್, ಟ್ಯಾಂಕಿನಿಂದ ಮೂತಿಯವರೆಗಿನ 1.5 ಮೀಟರು ಎತ್ತರಕ್ಕೆ 0.15 ಬಾರ್, 12 ಮಿಲಿಮೀಟರಿನ ಕೊಳವೆಗೆ 0.05 ಬಾರ್, ಇತರ ಬಾಬುಗಳಿಗೆ 0.5 ಬಾರ್. ಒಟ್ಟು 2.2 ಬಾರ್. ಆದುದರಿಂದ ನಮಗೆ ಬೇಕಾದದ್ದು 2.2 ಬಾರ್ ಒತ್ತಡವನ್ನು ಎದುರಿಸುತ್ತಲೇ ನಿಮಿಷಕ್ಕೆ 6 ಲೀಟರು ಕೊಡಬಲ್ಲ ಪಂಪು. ವಿವೇಕಿಗಳು 2.5 ಬಾರ್ ಎಂದು ಕೇಳುವರು.

ಈ ವಾಕ್ಯದಲ್ಲಿ ‘ಎದುರಿಸುತ್ತಲೇ’ ಎಂಬ ಮಾತನ್ನು ವಾಚಕರು ಅಡಿಗೆರೆ ಹಾಕಿ ಗುರುತಿಸಿಕೊಳ್ಳಬೇಕು. ಪಂಪಿನ ಮೇಲಿನ ಚೀಟಿಯಲ್ಲಿ ‘ನಿಮಿಷಕ್ಕೆ 11 ಲೀಟರು, 3.5 ಬಾರ್’ ಎಂದು ಬರೆದಿರಬಹುದು. ಎರಡೂ ನಿಜ, ಆದರೆ ಒಟ್ಟಿಗೆ ನಿಜವಲ್ಲ. ಯಶವಂತಪುರದ ಮಂಡಿಯ ಹಮಾಲಿಯೊಬ್ಬನು ನೂರು ಕಿಲೋಗ್ರಾಂ ಮೂಟೆಯನ್ನು ಎತ್ತಬಲ್ಲ. ಬರಿಗೈಯಲ್ಲಿ ವೇಗವಾಗಿ ಓಡಲೂ ಬಲ್ಲ. ನೂರು ಕಿಲೋಗ್ರಾಂ ಮೂಟೆಯನ್ನು ಹೊತ್ತು ಹಾಗೆ ಓಡಲಾರ. 11 ಲೀಟರೆಂಬುದು ಯಾವ ತಡೆಯೂ ಇಲ್ಲದೆ ಬಾಯಿ ತೆರೆದ ಪಂಪಿನ ಹರಿವು. 3.5 ಬಾರ್ ಎಂಬುದು ಎಲ್ಲ ನಲ್ಲಿಗಳನ್ನೂ ಮುಚ್ಚಿ, ಹರಿವೇ ಇಲ್ಲದಾಗ ಪಂಪು ನಿಲ್ಲುವ ಒತ್ತಡ. ಇವೆರಡರ ನಡುವೆ ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. 2.5 ಬಾರ್‌ನಲ್ಲಿ ಅದು ಚೀಟಿಯ ಅಂಕಿಯ ಅರ್ಧದ ಸುಮಾರಿಗೆ ಬಂದಿರಬಹುದು. ಒಳ್ಳೆಯ ತಯಾರಕರು ಪಂಪಿನ ಜೊತೆ ಕೊಡುವ ಹಾಳೆಯಲ್ಲಿ ಇದನ್ನು ತೋರಿಸುವ ರೇಖಾಚಿತ್ರವಿರುತ್ತದೆ. ಚೀಟಿಯನ್ನಲ್ಲ, ಆ ರೇಖೆಯನ್ನು ನೋಡಿ ಕೊಳ್ಳಬೇಕು.

ಪಂಪುಗಳ ಎರಡು ಕುಲಗಳು

ಮೋಟಾರು ಮನೆಯಲ್ಲಿ ಬಳಸಬಹುದಾದ ಪಂಪುಗಳು ಮುಖ್ಯವಾಗಿ ಎರಡು ಬಗೆಯವು.

ಮೊದಲನೆಯದು ಕೇಂದ್ರಾಪಗಾಮಿ ಪಂಪು. ಮೊಸರು ಕಡೆಯುವಾಗ ಮಜ್ಜಿಗೆಯು ಪಾತ್ರೆಯ ಅಂಚಿಗೆ ಏರುವಂತೆ, ಇದರಲ್ಲಿ ತಿರುಗುವ ಚಕ್ರವು ನೀರನ್ನು ಹೊರಕ್ಕೆ ಎಸೆದು ಒತ್ತಡವನ್ನು ಉಂಟುಮಾಡುತ್ತದೆ. ಟ್ಯಾಂಕಿನಲ್ಲೇ ಮುಳುಗಿಸುವ 12 ವೋಲ್ಟಿನ ಪುಟ್ಟ ಪಂಪುಗಳು ಈ ಕುಲದವು. ಬೆಲೆ ಕಡಿಮೆ, ಸದ್ದು ಕಡಿಮೆ. ಆದರೆ ಒತ್ತಡವೂ ಸಾಮಾನ್ಯವಾಗಿ ಅರ್ಧದಿಂದ ಒಂದು ಬಾರ್ ಮಾತ್ರ. ಪಾತ್ರೆ ತೊಳೆಯಲು ಸಾಕು, ಒಳ್ಳೆಯ ಷವರಿಗೆ ಸಾಲದು. ಮನೆಗಳಲ್ಲಿ ಮೇಲಂತಸ್ತಿಗೆಂದು ಕೂರಿಸುವ 230 ವೋಲ್ಟಿನ ಒತ್ತಡದ ಪಂಪುಗಳೂ ಇದೇ ಕುಲದವೇ. ಅವುಗಳಿಗೆ ವಾಹನದಲ್ಲಿ ಇನ್ವರ್ಟರು ಬೇಕಾಗುತ್ತದೆ. ಅಲ್ಲದೆ ಅವು ಧಾರಾಳವಾದ ಹರಿವಿಗಾಗಿ ಹುಟ್ಟಿದವು. 100 ಲೀಟರಿನ ಟ್ಯಾಂಕಿಗೆ ಅವು ತಕ್ಕ ಜೊತೆಯಲ್ಲ.

ಎರಡನೆಯದು ಡಯಾಫ್ರಮ್ ಪಂಪು. ಇದರಲ್ಲಿ ರಬ್ಬರಿನಂಥ ಪೊರೆಯೊಂದು ಮೋಟಾರಿನ ತಿರುಗಾಟದಿಂದ ಹಿಂದಕ್ಕೂ ಮುಂದಕ್ಕೂ ಬಾಗುತ್ತದೆ. ಹಿಂದಕ್ಕೆ ಬಾಗಿದಾಗ ಒಂದು ಕವಾಟವು ತೆರೆದು ನೀರು ಒಳಬರುತ್ತದೆ. ಮುಂದಕ್ಕೆ ಬಾಗಿದಾಗ ಆ ಕವಾಟವು ಮುಚ್ಚಿ, ಇನ್ನೊಂದು ತೆರೆದು ನೀರು ಹೊರಹೋಗುತ್ತದೆ. ನಮ್ಮ ಹೃದಯದ ಕೆಲಸವೂ ಇದೇ ರೀತಿಯದು. ಈ ಪಂಪು ನಮ್ಮ ಜನರಿಗೆ ಅಪರಿಚಿತವೇನೂ ಅಲ್ಲ. ಅಡುಗೆಮನೆಯ ಗೋಡೆಯ ಮೇಲಿನ ಆರ್‌ಓ ಯಂತ್ರದೊಳಗೆ ಗುಂಯ್ ಎನ್ನುವುದು ಇದರ ತಮ್ಮನೇ. ರೈತರು ಬೆನ್ನಿಗೆ ಕಟ್ಟಿಕೊಂಡು ಔಷಧಿ ಸಿಂಪಡಿಸುವ ಬ್ಯಾಟರಿ ಸ್ಪ್ರೇಯರಿನಲ್ಲಿ ಇರುವುದೂ ಇಂಥದ್ದೇ 12 ವೋಲ್ಟಿನ ಪಂಪು. (ಔಷಧಿಗೆ ಬಳಸಿದ ಪಂಪನ್ನು ಎಷ್ಟು ತೊಳೆದರೂ ಸ್ನಾನದ ಅಥವಾ ಕುಡಿಯುವ ನೀರಿಗೆ ಬಳಸಕೂಡದು.) ಮೋಟಾರು ಮನೆಗೆ ಬೇಕಾದ 2.5 ಬಾರ್ ಒತ್ತಡವನ್ನು ಈ ಕುಲದ ಪಂಪು ಸುಲಭವಾಗಿ ಕೊಡುತ್ತದೆ. ಟ್ಯಾಂಕಿನಿಂದ ನೀರನ್ನು ತಾನೇ ಹೀರಿಕೊಳ್ಳಲೂ ಬಲ್ಲದು.

‘ಹೀರುವುದು’ ಎಂಬುದು ಬಳಕೆಯ ಮಾತು. ನಿಜವಾಗಿ ಪಂಪು ಒಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ. ಹೊರಗಿನ ಗಾಳಿಯು ಟ್ಯಾಂಕಿನ ನೀರನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯು ನೀರನ್ನು ಹೆಚ್ಚೆಂದರೆ ಸುಮಾರು 10.3 ಮೀಟರು ತಳ್ಳಬಲ್ಲದು. ಸುಮಾರು 920 ಮೀಟರು ಎತ್ತರದ ಬೆಂಗಳೂರಿನಲ್ಲಿ ಈ ಮಿತಿ 9.3 ಮೀಟರಿಗೆ ಇಳಿಯುತ್ತದೆ. ಸಣ್ಣ ಪಂಪುಗಳು ಈ ಮಿತಿಯ ಹತ್ತಿರಕ್ಕೂ ಹೋಗಲಾರವು. ಒಂದೆರಡು ಮೀಟರೇ ಅವುಗಳ ಅಳವು. ಹೀಗಿರಲಾಗಿ ಪಂಪನ್ನು ಟ್ಯಾಂಕಿನ ಪಕ್ಕದಲ್ಲೇ ಇಡಬೇಕು. ತಳ್ಳುವ ಕೊಳವೆ ಉದ್ದವಾದರೂ ಆದೀತು. ಹೀರುವ ಕೊಳವೆ ಗಿಡ್ಡವಾಗಿಯೂ ಅಗಲವಾಗಿಯೂ ಇರಬೇಕು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರವಿಲ್ಲದಿದ್ದರೆ ತಳ್ಳುವ ಗಾಳಿಯೇ ಇಲ್ಲವಾಗಿ, ಒಳ್ಳೆಯ ಪಂಪೂ ಸೊರಗುವುದು.

ತಂತಿಯೂ ಒಂದು ಕೊಳವೆ

ಕೊಳವೆಯಲ್ಲಿ ನೀರಿನ ಒತ್ತಡವು ಕುಗ್ಗುವಂತೆ ತಂತಿಯಲ್ಲಿ ವೋಲ್ಟೇಜು ಕುಗ್ಗುತ್ತದೆ. ನಮ್ಮ ಪಂಪಿಗೆ ಸುಮಾರು 5 ಆಂಪಿಯರ್ ವಿದ್ಯುತ್ತು ಬೇಕು. ಬ್ಯಾಟರಿಯು 5 ಮೀಟರು ದೂರದಲ್ಲಿದ್ದರೆ ಹೋಗಿಬರುವ ತಂತಿಯ ಉದ್ದ 10 ಮೀಟರು. 1 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ದಾರಿಯಲ್ಲೇ ಸುಮಾರು 0.86 ವೋಲ್ಟು ಕಳೆದುಹೋಗುತ್ತದೆ. 12 ವೋಲ್ಟಿನಲ್ಲಿ ಇದು ನೂರಕ್ಕೆ ಏಳು ಪಾಲು. ಮೋಟಾರಿನ ವೇಗವೂ ಅದರೊಂದಿಗೆ ನೀರಿನ ಹರಿವೂ ಅಷ್ಟರಮಟ್ಟಿಗೆ ಕುಗ್ಗುತ್ತವೆ. 2.5 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟವು 0.34 ವೋಲ್ಟಿಗೆ ಇಳಿಯುತ್ತದೆ. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟು ಕಳೆದರೆ ಯಾರಿಗೂ ತಿಳಿಯದು. 12 ವೋಲ್ಟಿನಲ್ಲಿ ಪ್ರತಿಯೊಂದು ಕಾಸಿಗೂ ಬೆಲೆಯುಂಟು.

ದೊಡ್ಡದಾದರೆ ಏನು ಕೇಡು?

ಬೇಕಾದುದಕ್ಕಿಂತ ಬಹಳ ದೊಡ್ಡ ಪಂಪೂ ದೋಷವೇ. ಈ ಪಂಪುಗಳಲ್ಲಿ ಒತ್ತಡದಿಂದ ನಡೆಯುವ ಒಂದು ಸ್ವಿಚ್ಚು ಇರುತ್ತದೆ. ಒತ್ತಡವು ಉದಾಹರಣೆಗೆ 3 ಬಾರ್ ಮುಟ್ಟಿದಾಗ ಅದು ಪಂಪನ್ನು ನಿಲ್ಲಿಸುತ್ತದೆ. 2 ಬಾರ್‌ಗೆ ಇಳಿದಾಗ ಮತ್ತೆ ಚಾಲೂ ಮಾಡುತ್ತದೆ. ಪಂಪು ತಳ್ಳುವಷ್ಟು ನೀರನ್ನು ಷವರು ಹೊರಬಿಡಲಾರದಿದ್ದರೆ ಒತ್ತಡವು ಕ್ಷಣದಲ್ಲಿ 3ಕ್ಕೇರಿ ಪಂಪು ನಿಲ್ಲುತ್ತದೆ. ಮರುಕ್ಷಣದಲ್ಲಿ 2ಕ್ಕಿಳಿದು ಹೊರಡುತ್ತದೆ. ಹೀಗೆ ಪಂಪು ಬಿಕ್ಕಳಿಸತೊಡಗಿದಾಗ ಷವರು ಒಮ್ಮೆ ಜೋರು, ಒಮ್ಮೆ ಮಂದ. ಹರಿವು ಏರಿಳಿದಂತೆ ಹೀಟರಿನಿಂದ ಬರುವ ನೀರು ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ನಮ್ಮ ಯಜಮಾನರ ಎರಡನೆಯ ಪ್ರವಾಸದ ಕಷ್ಟ ಇದೇ.

ಇದಕ್ಕೆ ಒಂದು ಸೊಗಸಾದ ಪರಿಹಾರವುಂಟು. ಪಂಪಿನ ಮುಂದೆ, ಒಂದು ಭಾಗದಲ್ಲಿ ಗಾಳಿಯನ್ನು ತುಂಬಿದ ಪುಟ್ಟ ಪಾತ್ರೆಯನ್ನು ಜೋಡಿಸುವುದು. ಒತ್ತಡ ಏರಿದಾಗ ನೀರು ಒಳನುಗ್ಗಿ ಗಾಳಿಯು ಸ್ಪ್ರಿಂಗಿನಂತೆ ಅದುಮಿಕೊಳ್ಳುತ್ತದೆ. ಇಳಿದಾಗ ಹಿಗ್ಗಿ ನೀರನ್ನು ಹೊರತಳ್ಳುತ್ತದೆ. ಬಾಯಲನ ನಿಯಮದ ಪ್ರಕಾರ ಲೆಕ್ಕ ಹಾಕೋಣ. ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿದರೆ, ಬೆಂಗಳೂರಿನ ಎತ್ತರದಲ್ಲಿ, 2 ಮತ್ತು 3 ಬಾರ್‌ಗಳು 2.9 ಮತ್ತು 3.9 ಆಗುತ್ತವೆ. 2.9ರಲ್ಲಿ 1 ಲೀಟರಿದ್ದ ಗಾಳಿಯು 3.9ರಲ್ಲಿ 0.74 ಲೀಟರಿಗೆ ಕುಗ್ಗುವುದರಿಂದ ಕಾಲು ಲೀಟರಿನಷ್ಟು ನೀರು ಪಾತ್ರೆಯಲ್ಲಿ ಸಂಗ್ರಹವಾಗುತ್ತದೆ. ಪಂಪು ಕ್ಷಣಕ್ಷಣವೂ ಬಿಕ್ಕಳಿಸುವುದು ತಪ್ಪುತ್ತದೆ. ಬೇಡಿಕೆಗೆ ತಕ್ಕಂತೆ ತನ್ನ ವೇಗವನ್ನು ತಾನೇ ಬದಲಿಸಿಕೊಳ್ಳುವ ಪಂಪುಗಳೂ ಈಗ ದೊರೆಯುತ್ತವೆ, ಬೆಲೆ ಹೆಚ್ಚು. ಯಾವುದೇ ಆಗಲಿ, ಪಂಪು ನಿಲ್ಲುವ ಒತ್ತಡವು ಹೀಟರು ಮತ್ತು ಕೊಳವೆಯ ಕೀಲುಗಳು ತಾಳಬಲ್ಲ ಒತ್ತಡಕ್ಕಿಂತ ಕೆಳಗಿರಬೇಕು. ನೀರು ಕಾಯುವಾಗ ಹಿಗ್ಗುವುದರಿಂದ ಹೀಟರಿಗೆ ಸುರಕ್ಷಾ ಕವಾಟವು ಇರಲೇಬೇಕು.

ಕೊಳ್ಳುವ ಮುನ್ನ ಒಂದು ಪ್ರಯೋಗ

ಹೊಸ ಪಂಪಿಗೆ ಹಣ ತೆರುವ ಮೊದಲು ಒಂದು ಬಕೆಟ್ಟು ಮತ್ತು ಗಡಿಯಾರದಿಂದ ರೋಗವನ್ನು ಪತ್ತೆ ಮಾಡಬಹುದು. ವಿದ್ಯಾರ್ಥಿಗಳು ಇದನ್ನು ತಮ್ಮ ಮನೆಯ ಬಚ್ಚಲಿನಲ್ಲೇ ಮಾಡಿ ನೋಡಬಹುದು. 10 ಲೀಟರಿನ ಬಕೆಟ್ಟು ಷವರಿನಿಂದ ತುಂಬಲು ಎಷ್ಟು ಹೊತ್ತಾಯಿತೆಂದು ಗುರುತಿಸಿಕೊಳ್ಳಿರಿ. ಬಳಿಕ ಮೂತಿಯನ್ನು ಕಳಚಿ, ಬರಿಯ ಕೊಳವೆಯಿಂದ ತುಂಬಿಸಿ. ಎರಡನೆಯ ಸಲ ಬಕೆಟ್ಟು ಬಹಳ ಬೇಗನೆ ತುಂಬಿದರೆ ಪಂಪೂ ಕೊಳವೆಯೂ ಆರೋಗ್ಯವಾಗಿವೆ. ತಡೆ ಇರುವುದು ಮೂತಿಯಲ್ಲಿ. ಎರಡು ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿದರೆ ತಡೆಯು ಹಿಂದೆ ಎಲ್ಲೋ ಇದೆ: ಕೊಳವೆಯಲ್ಲಿ, ಜರಡಿಯಲ್ಲಿ, ತಂತಿಯಲ್ಲಿ ಅಥವಾ ಕೊನೆಗೆ ಪಂಪಿನಲ್ಲಿ.

ಕೊಳವೆಬಾವಿಯ ಗಡಸು ನೀರನ್ನು ಬಳಸುವ ಕಡೆಗಳಲ್ಲಿ ಮೂತಿಯೇ ಅಪರಾಧಿಯಾಗಿರುವುದು ಅಪರೂಪವಲ್ಲ. ಕಾದ ಗಡಸು ನೀರು ಬಿಟ್ಟುಹೋಗುವ ಸುಣ್ಣದ ಬಿಳಿಯ ಪೊರೆಯು ರಂಧ್ರಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಮೂತಿಯನ್ನು ರಾತ್ರಿಯಿಡೀ ನಿಂಬೆರಸ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟರೆ ಆಮ್ಲವು ಸುಣ್ಣವನ್ನು ಕರಗಿಸುತ್ತದೆ. ಸಾವಿರಾರು ರೂಪಾಯಿಯ ಪಂಪು ಮಾಡಲಾರದ ಕೆಲಸವನ್ನು ಎರಡು ನಿಂಬೆಹಣ್ಣುಗಳು ಮಾಡಿದಂತಾಯಿತು.

ಯಾವುದು ದುರ್ಲಭ?

ಕೊನೆಯದಾಗಿ ನಮ್ಮ ನಾಲ್ವರ ಸ್ನಾನದ ಲೆಕ್ಕವನ್ನು ಕೂಡಿಸಿ ನೋಡೋಣ. 2.2 ಬಾರ್‌ನಲ್ಲಿ ನಿಮಿಷಕ್ಕೆ 6 ಲೀಟರು ತಳ್ಳಲು ಬೇಕಾದದ್ದು 22 ವಾಟು. ಮೋಟಾರು ಮತ್ತು ಪಂಪಿನ ನಷ್ಟಗಳನ್ನು ಸೇರಿಸಿ 55 ವಾಟೆಂದು ಹಿಡಿದರೂ, 12 ನಿಮಿಷಕ್ಕೆ ಬ್ಯಾಟರಿಯಿಂದ ಖರ್ಚಾಗುವುದು ಒಂದು ಆಂಪಿಯರ್-ಗಂಟೆಗೂ ಕಡಿಮೆ. 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅದು ನೂರನೆಯ ಒಂದು ಪಾಲೂ ಅಲ್ಲ. ಅದೇ ಹೊತ್ತಿನಲ್ಲಿ ಟ್ಯಾಂಕಿನ ನೀರಿನಲ್ಲಿ ನೂರಕ್ಕೆ ಎಪ್ಪತ್ತೆರಡು ಪಾಲು ಹೋಗಿದೆ. ಮೋಟಾರು ಮನೆಯಲ್ಲಿ ಯಾವುದು ದುರ್ಲಭವೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಚಕ್ರಗಳಿಲ್ಲದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಇದೇ ಉತ್ತರದ ಸೀಮೆಯಿಂದಲೇ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದಿತು. ಹೆಸರಘಟ್ಟದ ಕೆರೆಯ ನೀರನ್ನು 1896ರಿಂದ ಸೋಲದೇವನಹಳ್ಳಿಯ ಆವಿಯಂತ್ರಗಳು ಎತ್ತಿ ನಗರದ ಕಡೆಗೆ ಕಳುಹಿಸಿದವು. 1974ರಿಂದ ಬರುತ್ತಿರುವ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಸುಮಾರು 500 ಮೀಟರು ಎತ್ತರವನ್ನು ಏರಿ ಬರುತ್ತದೆ. ನಾವು ಕಲಿತ ಲೆಕ್ಕದಂತೆ ಅದು 50 ಬಾರ್! ನಮ್ಮ ಪ್ರವಾಸಿಗಳು ಬೆಂಗಳೂರಿನ ಕಾವೇರಿ ನಲ್ಲಿಯಿಂದ ಟ್ಯಾಂಕನ್ನು ತುಂಬಿಸಿಕೊಂಡಿದ್ದರೆ, ಅವರು ಸ್ನಾನ ಮಾಡಿದ 72 ಲೀಟರನ್ನು ನಗರಕ್ಕೆ ಎತ್ತಲು, ಯಾವ ನಷ್ಟವನ್ನೂ ಸೇರಿಸದೆ, ಸುಮಾರು 98 ವಾಟ್-ಗಂಟೆ ಶಕ್ತಿ ಬೇಕಾಯಿತು. ಅದನ್ನು ಷವರಿನಿಂದ ಚಿಮ್ಮಿಸಲು ಬೇಕಾದದ್ದು 11 ವಾಟ್-ಗಂಟೆ. 2024ರ ಬೇಸಿಗೆಯ ನೀರಿನ ಬವಣೆಯಲ್ಲಿ ಬೆಂಗಳೂರಿನ ಜಲಮಂಡಳಿಯು ವಾಣಿಜ್ಯ ಸಂಸ್ಥೆಗಳೂ ಸಾರ್ವಜನಿಕ ಸ್ಥಳಗಳೂ ತಮ್ಮ ನಲ್ಲಿಗಳಿಗೆ ಹರಿವನ್ನು ತಗ್ಗಿಸಿ ಗಾಳಿಯನ್ನು ಬೆರೆಸುವ ಏರೇಟರುಗಳನ್ನು ಅಳವಡಿಸಬೇಕೆಂದು ಆಜ್ಞಾಪಿಸಿದ್ದರ ಹಿಂದೆಯೂ ಇದೇ ತತ್ವವಿತ್ತು: ಮೊದಲು ಮೂತಿಯನ್ನು ಸರಿಪಡಿಸು.

ಆದುದರಿಂದ ಒಳ್ಳೆಯ ಷವರನ್ನು ಬಯಸುವವರು ಪಂಪಿನ ಅಂಗಡಿಗೆ ಹೋಗುವ ಮೊದಲು ಮೂತಿಯನ್ನು ನೋಡಲಿ, ಕೊಳವೆಯನ್ನು ಅಳೆಯಲಿ, ತಂತಿಯನ್ನು ಪರೀಕ್ಷಿಸಲಿ. ಅನಂತರ, ಬೇಕಾದಷ್ಟು ಒತ್ತಡದಲ್ಲಿ ಬೇಕಾದಷ್ಟೇ ನೀರನ್ನು ಕೊಡುವ ಪಂಪನ್ನು ಕೇಳಲಿ. ಅಂಗಡಿಯವನು ತೋರಿಸುವ ಪಂಪುಗಳಲ್ಲಿ ಅದು ಅತಿ ದೊಡ್ಡದಾಗಿರಲಾರದು.